ಮುಜುಗರಕ್ಕೆ ಬಾಡಿಗೆ ಮನೆ

ಅಕ್ಟೋಬರ್ 30, ಗುರುವಾರ

ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಓನರ್ ಆಂಟಿ ಬಾಗಿಲಿಗೆ ಬಂದರು. ಅವರ ಮಗಳು, ಅಳಿಯ ಇಲ್ಲಿಗೇ ಬಂದು ಇರುತ್ತಾರಂತೆ, ನವೆಂಬರ್ ಕೊನೆಗೆ ಮನೆ ಬಿಟ್ಟುಕೊಡಬೇಕಂತೆ. ಇಷ್ಟು ಹೇಳಲು ಪಾಪ ಅವರು ಮೊದಲು ನಲ್ಲಿ ನೀರಿನ ವಿಷಯ ಎತ್ತಿದರು, ಅಲ್ಲಿಂದ ಟೊಮೆಟೊ ರೇಟಿಗೆ ಬಂದರು, ಅಲ್ಲಿಂದ ಯಾರದೋ ಸೀಮಂತಕ್ಕೆ ಹೋದರು. ನನಗೇ ಕನಿಕರ ಬಂತು. ಬಾಯಲ್ಲಿ ನೊರೆ ಇಟ್ಟುಕೊಂಡೇ, "ಮನೆ ಖಾಲಿ ಮಾಡಬೇಕಾ ಆಂಟಿ?" ಅಂತ ನಾನೇ ಕೇಳಿದೆ. "ಅಯ್ಯೋ, ನಿನ್ನಂಥ ಹುಡುಗಿ ಸಿಗಲ್ಲ ಕಣಮ್ಮಾ" ಎಂದು ನಿಟ್ಟುಸಿರು ಬಿಟ್ಟರು. ನಿಜ, ಸಿಗುವುದಿಲ್ಲ. ತನ್ನನ್ನು ಹೊರಗೆ ಹಾಕುವವರಿಗೆ ತಾನೇ ಮಾತು ಹೆಕ್ಕಿಕೊಡುವ ಬಾಡಿಗೆಯವಳು ಇನ್ನೆಲ್ಲಿ ಸಿಗುತ್ತಾಳೆ?

ಆದರೆ ನಗುವ ವಿಷಯವಲ್ಲ. ಡಿಸೆಂಬರ್ ಮೊದಲ ವಾರ ಅಮ್ಮನ ಕಣ್ಣಿನ ಆಪರೇಷನ್, ಇಲ್ಲೇ ಚಿಕ್ಕಬಳ್ಳಾಪುರದಲ್ಲಿ. ಆಮೇಲೆ ಹೊತ್ತುಹೊತ್ತಿಗೆ ಡ್ರಾಪ್ಸ್ ಹಾಕಬೇಕು. ದಿಬ್ಬೂರಹಳ್ಳಿಯಲ್ಲಿ ಅಪ್ಪನಿಗೆ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುವುದರಲ್ಲೇ ದಿನ ಮುಗಿಯುತ್ತದೆ, ಅಮ್ಮನ ಕಣ್ಣಿಗೂ ಹಿಪ್ಪುನೇರಳೆ ಸೊಪ್ಪೇ ಹಾಕಿಬಿಟ್ಟಾನು. ಅವಳು ನನ್ನ ಹತ್ತಿರವೇ ಇರಬೇಕು. ಅಂದರೆ ನನಗೊಂದು ಮನೆ ಇರಬೇಕು.

ಆಫೀಸಿನಲ್ಲಿ ಇನ್ನೊಂದು ಫಜೀತಿ. ನವೆಂಬರ್ ಕೊನೆಗೆ ಆಫೀಸಿನಲ್ಲಿ ಮಾಡುವ ರಾಜ್ಯೋತ್ಸವಕ್ಕೆ ನಮ್ಮ ಸೂಪರಿಂಟೆಂಡೆಂಟ್ ಮೋಹನ್‌ಬಾಬು ಸರ್ ಹೊಸ ಐಡಿಯಾ ತಂದಿದ್ದಾರೆ. ಪ್ರತಿಯೊಬ್ಬರೂ ಒಂದು ಕನ್ನಡ ಪದದ ಅರ್ಥ, ಮೂಲ, ಜೊತೆಗೆ ಒಂದು ಸ್ವಂತ ಅನುಭವ ಹೇಳಬೇಕು. ಚೀಟಿ ಎತ್ತಿದೆವು. ಪಕ್ಕದ ಟೇಬಲ್ಲಿನ ಶಾಜಿಯಾಗೆ 'ಬೆಣ್ಣೆ' ಬಂತು. ನನಗೆ 'ಮುಜುಗರ'. ಬೇರೆ ಚೀಟಿ ಕೊಡಿ ಅಂತ ಕೇಳಲು ಮುಜುಗರವಾಗಿ ಸುಮ್ಮನೆ ಬಂದು ಕೂತೆ.

ನವೆಂಬರ್ 2, ಭಾನುವಾರ

ಮೊದಲ ಮನೆ ನೋಡಿದೆ. ಬಿ.ಬಿ. ರಸ್ತೆಯ ಹಿಂದೆ, ಒಳ್ಳೆಯ ಗಾಳಿ ಬೆಳಕು. ಓನರ್ ಅಂಕಲ್ ನಗುಮುಖದವರು.

"ಮೂಲ ಯಾವೂರಮ್ಮ?"

"ದಿಬ್ಬೂರಹಳ್ಳಿ ಸರ್, ಶಿಡ್ಲಘಟ್ಟ ತಾಲ್ಲೂಕು."

"ಓ, ಗೊತ್ತು ಗೊತ್ತು. ಊರಲ್ಲಿ ಮನೆ ಯಾವ ಕಡೆ ಬರುತ್ತೆ?"

ಇದು ಮನೆ ಹುಡುಕುವ ಪ್ರಶ್ನೆ ಅಲ್ಲ, ಜಾತಿ ಹುಡುಕುವ ಪ್ರಶ್ನೆ. ಬಾಯಿಬಿಟ್ಟು ಕೇಳಿದರೆ ಮರ್ಯಾದೆಗೇಡು, ಕೇಳದಿದ್ದರೆ ನಿದ್ದೆ ಬರುವುದಿಲ್ಲ. ಹಾಗಾಗಿ ಊರಿನ ಸುತ್ತ ಪ್ರದಕ್ಷಿಣೆ ಹಾಕುತ್ತಾರೆ. ಕೆರೆ ಕಡೆಯಾ, ಗುಡಿ ಮುಂದೆಯಾ, ಮನೆದೇವರು ಯಾವುದು. ನಾನು ತಡವರಿಸಿದೆ. ಅಷ್ಟು ಸಾಕಾಯಿತು. ಕಾಫಿ ಪೇಪರ್ ಲೋಟದಲ್ಲಿ ಬಂತು. ಅವರದು ಸ್ಟೀಲ್ ಲೋಟದಲ್ಲಿ. "ಈಗಿನ ಹುಡುಗ್ರು ಹೈಜೀನ್ ನೋಡ್ತಾರಲ್ಲ, ಅದ್ಕೇ" ಅಂದರು ಆಂಟಿ. ಆಮೇಲೆ ಅಂಕಲ್‌ಗೆ ಇದ್ದಕ್ಕಿದ್ದಂತೆ ಅಣ್ಣನ ಮಗ ನೆನಪಾದ. ಅವನು ಬಂದರೂ ಬರಬಹುದಂತೆ.

"ಪರವಾಗಿಲ್ಲ ಅಂಕಲ್, ನಿಧಾನಕ್ಕೆ ಯೋಚನೆ ಮಾಡಿ ಹೇಳಿ, ಅರ್ಜೆಂಟೇನಿಲ್ಲ" ಅಂದೆ. ಅರ್ಜೆಂಟ್ ಇದೆ. ಆದರೂ ಅಂದೆ. ಗೇಟಿನ ಹತ್ತಿರ "ಸಾರಿ ಅಂಕಲ್" ಅಂತ ಕೂಡ ಅಂದೆ. ಯಾಕೆ ಅಂದೆನೋ ನನಗೇ ಗೊತ್ತಿಲ್ಲ.

ನವೆಂಬರ್ 4, ಮಂಗಳವಾರ

ಮಧ್ಯಾಹ್ನ ಊಟದ ಹೊತ್ತಿನಲ್ಲಿ ಲೈಬ್ರರಿಗೆ ಹೋಗಿ ನಿಘಂಟು ತೆಗೆದೆ. ಧೂಳು ನೋಡಿದರೆ ರಾಜ್ಯೋತ್ಸವಕ್ಕೊಮ್ಮೆ ಮಾತ್ರ ಹೊರಬರುವ ಉತ್ಸವಮೂರ್ತಿ ಅದು. ಮುಜುಗರದ ನೆಂಟ ಪದಗಳನ್ನೂ ನೋಡಿದೆ. ದಾಕ್ಷಿಣ್ಯ ಸಂಸ್ಕೃತದ್ದು, 'ದಕ್ಷಿಣ' ಎಂಬುದರಿಂದ, ಅಂದರೆ ಬಲಗಡೆ. ಸಂಕೋಚ ಅಂದರೆ ಮುದುಡಿಕೊಳ್ಳುವುದು. ಇವೆಲ್ಲ ಮನೆತನ ಗೊತ್ತಿರುವ ಪದಗಳು. ಮುಜುಗರಕ್ಕೆ ಮಾತ್ರ ಅರ್ಥ ಕೊಟ್ಟಿದ್ದಾರೆ, ಎಲ್ಲಿಂದ ಬಂತು ಅಂತ ನನ್ನ ಕೈಗೆ ಸಿಕ್ಕ ನಿಘಂಟಿನಲ್ಲಿ ಇಲ್ಲ. ಮೂಲ ಯಾವೂರೋ, ಮನೆ ಯಾವ ಕಡೆಯೋ! ಆದರೂ ಎಲ್ಲರ ಮನೆಯಲ್ಲೂ ಅದಕ್ಕೆ ಜಾಗ ಸಿಕ್ಕಿದೆ. ಅಡ್ವಾನ್ಸ್ ಕೂಡ ಕೇಳಿಲ್ಲ.

ಶಾಜಿಯಾಗೆ ಹೇಳಿದೆ. ಅವಳು ಡಬ್ಬಿಯಿಂದ ಖೀಮಾ ನನ್ನ ತಟ್ಟೆಗೆ ಬಡಿಸುತ್ತಾ, "ನಮ್ಮ ಮುಲಾಜು ತಗೋ, ಅದಕ್ಕೆ ಮೂಲ ಇದೆ" ಅಂದಳು. ಉರ್ದುವಿನಲ್ಲಿ ಮುಲಾಹಿಜಾ ಅಂದರೆ ನೋಡುವುದು, ಗಮನಿಸುವುದಂತೆ. ಎದುರಿಗಿರುವವರ ಮುಖ ನೋಡಿ ನಮ್ಮ ಮಾತು ನುಂಗಿಕೊಳ್ಳುವುದು. ಆಮೇಲೆ ನನ್ನ ಮನೆಯ ಪ್ರಹಸನ ಕೇಳಿ ನಕ್ಕಳು.

"ನಿನ್ನನ್ನ ಮನೆ ಒಳಗಾದ್ರೂ ಬಿಡ್ತಾರೆ ಕಣೇ, ಪುಣ್ಯವಂತೆ. ನಮ್ಮಣ್ಣ ಮುದಸ್ಸಿರ್ ಚಿಂತಾಮಣಿಯಲ್ಲಿ ಮನೆ ಹುಡುಕೋವಾಗ ಫೋನಲ್ಲಿ ಹೆಸರು ಹೇಳಿದ ತಕ್ಷಣ ನೆಟ್‌ವರ್ಕ್ ಹೋಗ್ತಿತ್ತು."

ನಾವಿಬ್ಬರೂ ಕೆಮ್ಮು ಬರುವಷ್ಟು ನಕ್ಕೆವು. ಆಮೇಲೆ ಅವಳು "ನಮ್ಮನೆ ಮೇಲ್ಗಡೆ..." ಅಂತ ಶುರು ಮಾಡಿ, ಸ್ವಲ್ಪ ನಿಂತು, "ಮೆಣಸಿನಕಾಯಿ ಈ ಸಲ ಚೆನ್ನಾಗಿ ಒಣಗಿದೆ" ಅಂದಳು. ಅಣ್ಣ ಚಿಂತಾಮಣಿಗೆ ಹೋದ ಮೇಲೆ ಅವರ ಮನೆಯ ಮಹಡಿ ಖಾಲಿ. ಅವಳಮ್ಮ ಅಲ್ಲಿ ಮೆಣಸಿನಕಾಯಿ ಒಣಹಾಕುತ್ತಾರೆ. ನನಗೂ ಒಂದು ಮಾತು ನಾಲಿಗೆ ತುದಿಗೆ ಬಂದು ವಾಪಸ್ ಹೋಯಿತು. ಕೇಳಿಬಿಟ್ಟರೆ ಅವಳಿಗೆ ಇಲ್ಲ ಅನ್ನಲು ಕಷ್ಟವಾಗುತ್ತದೆ. ಮೆಣಸಿನಕಾಯಿ ಕೆಂಪಗಿದೆಯಾ ಅಂತ ಕೇಳಿದೆ.

ನವೆಂಬರ್ 8

ಎರಡು ಮನೆ. ಒಂದರಲ್ಲಿ ಪೇಪರ್ ಲೋಟ, ಇನ್ನೊಂದರಲ್ಲಿ ನೀರೂ ಇಲ್ಲ. ಬರೆಯಲು ಬೇಜಾರು.

ನವೆಂಬರ್ 9, ಭಾನುವಾರ

ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ. ಹೇಳಬಾರದು ಅಂದುಕೊಂಡಿದ್ದೆ.

"ಅವ್ರು ಕೇಳಕ್ಕೆ ನಾಚ್ಕೋತಾರೆ, ಸರಿ. ನೀನ್ಯಾಕಮ್ಮ ನಾಚ್ಕೋತೀಯಾ?"

"ನಾನೆಲ್ಲಿ ನಾಚ್ಕೊಂಡೆ?"

"ಮತ್ತೆ ಸಾರಿ ಯಾಕಂದೆ? ದಾಕ್ಷಿಣ್ಯಕ್ಕೆ ಬಸಿರಾದ್ರೆ ಹೆರಕ್ಕೆ ಜಾಗ ಇಲ್ವಂತೆ. ನಿನಗೀಗ ಇರಕ್ಕೂ ಜಾಗ ಇಲ್ಲ."

ಅಮ್ಮನ ಮೇಲೆ ಸಿಟ್ಟು ಬಂತು. ಕಣ್ಣು ಮಂಜಾದವರು ಇಷ್ಟು ಸ್ಪಷ್ಟವಾಗಿ ಮಾತಾಡಬಾರದು. ಸಂಜೆ ಅಂಗಡಿಗೆ ಹೋಗಿ ಒಂದು ಸ್ಟೀಲ್ ಲೋಟ ಕೊಂಡು ಬ್ಯಾಗಿಗೆ ಹಾಕಿಕೊಂಡೆ.

ನವೆಂಬರ್ 15, ಶನಿವಾರ

ಇವತ್ತಿನದು ವಿವರವಾಗಿ ಬರೆಯಲೇಬೇಕು.

ವೆಂಕಟರವಣಪ್ಪ, ವರಲಕ್ಷ್ಮಮ್ಮ ದಂಪತಿ. ಅವರದು ತರಕಾರಿ ಮಂಡಿ, ಮನೆಯಲ್ಲಿ ತೆಲುಗು. ಮಹಡಿ ಮನೆಯ ಕಿಟಕಿ ತೆಗೆದರೆ ನಂದಿ ಬೆಟ್ಟ ಕಾಣುತ್ತದೆ. ಮೆಟ್ಟಿಲಿಗೆ ಹಿಡಿಯಲು ಕಂಬಿಯೂ ಇದೆ, ಅಮ್ಮನಿಗೆ ಅನುಕೂಲ. ನೋಡಿದ ತಕ್ಷಣ ಇಲ್ಲೇ ಇರಬೇಕು ಅನ್ನಿಸಿಬಿಟ್ಟಿತು. ಇಬ್ಬರೂ ನಿಜಕ್ಕೂ ಒಳ್ಳೆಯವರು, ಅದೇ ತೊಂದರೆ. ಕೆಟ್ಟವರಾದರೆ ನೇರವಾಗಿ ಕೇಳಿಬಿಡುತ್ತಾರೆ.

ಕಾಫಿ ಬಂತು, ಪೇಪರ್ ಲೋಟದಲ್ಲಿ. ನಾನು ಬ್ಯಾಗಿನಿಂದ ನನ್ನ ಲೋಟ ತೆಗೆದು ಮುಂದೆ ಇಟ್ಟೆ. "ಪೇಪರ್ ಲೋಟದಲ್ಲಿ ಕುಡಿದ್ರೆ ನನಗೆ ಎದೆ ಉರಿ ಆಂಟಿ, ಇದಕ್ಕೆ ಸುರೀತೀರಾ?" ವರಲಕ್ಷ್ಮಮ್ಮನ ಮುಖ ಕೆಂಪಾಯಿತು. ಸುರಿದರು, ಅರ್ಧ ಟೀಪಾಯಿ ಮೇಲೆ.

ಪ್ರದಕ್ಷಿಣೆ ಶುರುವಾಯಿತು. ಇವತ್ತು ನಾನೊಂದು ತೀರ್ಮಾನ ಮಾಡಿಕೊಂಡಿದ್ದೆ. ಸುಳ್ಳು ಹೇಳುವುದಿಲ್ಲ, ಸಹಾಯವನ್ನೂ ಮಾಡುವುದಿಲ್ಲ.

"ಪೂರ್ತಿ ಹೆಸರೇನಮ್ಮ?"

"ತನುಜ ಸಿ., ಅಂಕಲ್."

"ಸಿ ಅಂದ್ರೆ?"

"ಚೆನ್ನರಾಯಪ್ಪ. ನಮ್ಮಪ್ಪ."

"ಚೆನ್ನರಾಯಪ್ಪ ಅಂದ್ಮೇಲೆ ಮುಂದೆ ಏನೂ ಇಲ್ವಾ?"

"ಮುಂದೆ ನಾನೇ ಅಂಕಲ್. ಆಮೇಲೆ ತಮ್ಮ ಸಿದ್ಧಾರ್ಥ್, ಗೌರಿಬಿದನೂರಲ್ಲಿ ಓದ್ತಿದಾನೆ."

ಅಂಕಲ್ ಬೆವರು ಒರೆಸಿಕೊಂಡರು. ಆಂಟಿ ಕೈಗೆತ್ತಿಕೊಂಡರು. "ನಾನ್‌ವೆಜ್ ತಿಂತೀರಾ?"

"ನೀವು ಮಾಡಿದ್ರೆ ತಿಂತೀನಿ ಆಂಟಿ."

"ಅಯ್ಯೋ, ನಾವೂ ತಿಂತೀವಿ. ಅದಕ್ಕಲ್ಲ..."

"ಮತ್ತೆ ಯಾತಕ್ಕೆ ಆಂಟಿ?"

ಕೊನೆಗೆ ಅಂಕಲ್ ಹೆಂಡತಿ ಕಡೆ ತಿರುಗಿ ತಗ್ಗಿದ ದನಿಯಲ್ಲಿ, "ಅಡಗಾಲಂಟೆ ಮೊಹಮಾಟಂಗಾ ಉಂದಿ, ನುವ್ವೇ ಅಡುಗು" ಅಂದರು. ಕೇಳಕ್ಕೆ ಒಂಥರಾ ಆಗ್ತಿದೆ, ನೀನೇ ಕೇಳು ಅಂತ. ಈ ಸೀಮೆಯಲ್ಲಿ ತೆಲುಗಿನಲ್ಲಿ ಗುಟ್ಟು ಹೇಳುವುದೆಂದರೆ ಮೈಕಿನಲ್ಲಿ ಪಿಸುಗುಟ್ಟಿದ ಹಾಗೆ. ನಮ್ಮಜ್ಜಿ ಬೈಯುತ್ತಿದ್ದದ್ದೇ ತೆಲುಗಿನಲ್ಲಿ.

"ಪರ್ವಾಲೇದು ಅಂಕುಲ್, ಅಡಗಂಡಿ" ಅಂದೆ. ಪರವಾಗಿಲ್ಲ, ಕೇಳಿ.

ಅಂಕಲ್ ಕಾಫಿ ಮೂಗಿಗೆ ಹತ್ತಿ ಕೆಮ್ಮತೊಡಗಿದರು. "ಏಮೀ ಲೇದಮ್ಮಾ, ಏಮೀ ಲೇದು" ಅಂತ, ಏನೂ ಇಲ್ಲವೆನ್ನುವಂತೆ, ಕೈಯಾಡಿಸಿದರು. ಇಬ್ಬರೂ ಕೇಳಲಿಲ್ಲ. ಫೋನ್ ಮಾಡ್ತೀವಿ ಅಂದರು.

ಮೊಹಮಾಟ! ಇದೂ ಒಂದು ಪದ. ಮೊಹ ಅಂದರೆ ಮೊಗ, ಮಾಟ ಅಂದರೆ ಮಾತು, ಮುಖ ನೋಡಿದರೆ ಮಾತು ಹೊರಡದೆ ಇರುವುದು ಅಂತ ನನ್ನ ಊಹೆ. ಪಂಡಿತರು ಒಪ್ಪುತ್ತಾರೋ ಇಲ್ಲವೋ, ವೆಂಕಟರವಣಪ್ಪನವರ ಮುಖ ನೋಡಿದ್ದರೆ ಒಪ್ಪುತ್ತಿದ್ದರು.

ನವೆಂಬರ್ 18

ಫೋನ್ ಇಲ್ಲ. ಶಾಜಿಯಾ ಇವತ್ತೂ ಮೆಣಸಿನಕಾಯಿ ವಿಷಯ ತೆಗೆದಳು. ಅದನ್ನೆಲ್ಲ ಮೂಟೆ ಕಟ್ಟಿ ಕೆಳಗಿಳಿಸಿದರಂತೆ, ಮಹಡಿಗೆ ಸುಣ್ಣ ಹೊಡೆಸಿದರಂತೆ. ಯಾರಿಗೋ ಕೊಡುತ್ತಾರೇನೋ. ಕೊಡಲಿ. ನನಗೇಕೋ ಇಡೀ ದಿನ ಅವಳ ಮೇಲೆ ಸಣ್ಣ ಸಿಟ್ಟು.

ನವೆಂಬರ್ 20, ಗುರುವಾರ

ಮಾರ್ಕೆಟ್ಟಿನಲ್ಲಿ ವೆಂಕಟರವಣಪ್ಪ ಕಂಡರು. ಅವರೂ ನನ್ನನ್ನು ಕಂಡರು, ಕಂಡು ಟೊಮೆಟೊ ಕ್ರೇಟುಗಳ ಹಿಂದೆ ಕೂತುಬಿಟ್ಟರು. ಆ ಮೈಕಟ್ಟಿಗೆ ಕ್ರೇಟು ಸಾಲದು. ಹಿಂದಿನ ತಿಂಗಳ ತನುಜ ಆಗಿದ್ದರೆ ಬೇರೆ ದಾರಿ ಹಿಡಿಯುತ್ತಿದ್ದಳು. ಏನೋ ಕಾಲಿಗೆ ಹುಮ್ಮಸ್ಸು ಬಂದು ನೇರ ಹೋಗಿ ನಿಂತೆ.

"ನಮಸ್ಕಾರ ಅಂಕಲ್. ಏನಾದ್ರೂ ಬಿತ್ತಾ?"

"ಅಂ... ಪೆನ್ನು. ಪೆನ್ನು ಬಿತ್ತಮ್ಮ." ಪೆನ್ನು ಜೇಬಿನಲ್ಲೇ ಇತ್ತು. ಎದ್ದು ನಿಂತು, ಏನು ಮಾತಾಡಬೇಕೋ ತಿಳಿಯದೆ, ನಮ್ಮ ಕಡೆಯವರ ಬಾಯಿಗೆ ಅಭ್ಯಾಸವಾದ ಮಾತು ಆಡಿಬಿಟ್ಟರು: "ಒಂದ್ಸಲ ಊಟಕ್ಕೆ ಬಾರಮ್ಮ, ನಿಮ್ತಾಯಿನೂ ಕರ್ಕೊಂಡು."

ಇದಕ್ಕೆ ಉತ್ತರ ಎಲ್ಲರಿಗೂ ಗೊತ್ತು: 'ಇನ್ನೊಂದ್ಸಲ ಬರ್ತೀನಿ ಅಂಕಲ್'. ಕರೆದವರಿಗೆ ಕರೆದ ಪುಣ್ಯ, ಹೋಗದವರಿಗೆ ಹೋಗದ ನೆಮ್ಮದಿ.

"ಭಾನುವಾರ ಬರ್ತೀವಿ ಅಂಕಲ್. ಹನ್ನೆರಡೂವರೆಗೆ?"

ಅಂಕಲ್ ಕೈಲಿದ್ದ ಟೊಮೆಟೊ ನಿಜವಾಗಿಯೂ ಬಿತ್ತು.

ನವೆಂಬರ್ 23, ಭಾನುವಾರ

ಅಮ್ಮ ಶಿಡ್ಲಘಟ್ಟದಲ್ಲಿ ಬಸ್ಸು ಬದಲಿಸಿ ಬಂದಿಳಿದಳು. ಒಳ್ಳೆ ಸೀರೆ, ಕೈಯಲ್ಲೊಂದು ಚೀಲ ಅವರೆಕಾಯಿ. "ಬಾಡಿಗೆ ಮನೆ ಕೇಳಕ್ಕೆ ಬರಿಗೈಲಿ ಹೋಗಬಾರ್ದು" ಅಂದಳು.

ವರಲಕ್ಷ್ಮಮ್ಮ ಬಾಳೆ ಎಲೆ ಹಾಕಿದ್ದರು, ನಾಲ್ವರಿಗೂ. ಜಾಣೆ! ಎಲೆಯಾದರೆ ತಟ್ಟೆ ತೊಳೆಯುವ ಪ್ರಶ್ನೆಯೇ ಇಲ್ಲ. ನೀರು ಮಾತ್ರ ಪೇಪರ್ ಲೋಟ, ಈ ಸಲ ಅವರಿಬ್ಬರಿಗೂ ಪೇಪರ್ ಲೋಟವೇ. ನನಗೆ ನಗು ತಡೆಯಲಾಗಲಿಲ್ಲ. ಮುದ್ದೆ, ನಾಟಿಕೋಳಿ ಸಾರು. ಅಮ್ಮ ಎರಡನೇ ಮುದ್ದೆ ಕೇಳಿ ಹಾಕಿಸಿಕೊಂಡಳು. "ಸಾರಿಗೆ ಗಸಗಸೆ ಹಾಕಿದ್ದೀರಾ ತಾಯಿ? ಘಮ ಅಂತೈತೆ." ಆಂಟಿ ಅರಳಿದರು. ಹೆಂಗಸರಿಬ್ಬರೂ ಮಸಾಲೆ, ಮಂಡಿನೋವು ಅಂತ ಮಾತಿಗಿಳಿದರು. ಆ ಹೊತ್ತಿಗೆ ನನಗೆ ನಿಜಕ್ಕೂ ಆಸೆ ಹುಟ್ಟಿತು. ಆ ಕಿಟಕಿ ಪಕ್ಕ ಅಮ್ಮನ ಮಂಚ ಹಾಕಬಹುದು ಅಂತ ಲೆಕ್ಕ ಹಾಕಿದೆ.

ಊಟವಾದ ಮೇಲೆ ನಾನೇ ಅಂದೆ, "ಆಂಟಿ, ನೀವು ಕೇಳಬೇಕು ಅಂತಿರೋದನ್ನ ಕೇಳಿಬಿಡಿ."

ಅಂಕಲ್ ಎಲೆ ಎತ್ತುವ ನೆಪದಲ್ಲಿ ಒಳಗೆ ಹೋದರು. ತಮ್ಮ ಜೀವನದಲ್ಲಿ ಮೊದಲ ಸಲ ಎಲೆ ಎತ್ತಿದ್ದು ಅಂತ ಕಾಣುತ್ತದೆ. ವರಲಕ್ಷ್ಮಮ್ಮ ನೆಲ ನೋಡುತ್ತಾ ಕೇಳಿದರು, "ನೀವು... ಯಾವ ಜನ?"

"ಎಸ್ಸಿ ಆಂಟಿ. ಮನೇಲಿ ಬುದ್ಧನ ಫೋಟೋ ಇಟ್ಕೊಂಡಿದೀವಿ."

ಹೇಳಿದ ಮೇಲೆ ಮನೆ ಬೀಳಲಿಲ್ಲ, ಹೊಟ್ಟೆಗೆ ಹೋದ ಮುದ್ದೆಯೂ ಕದಲಲಿಲ್ಲ. ಅಂಕಲ್ ಅಡುಗೆಮನೆ ಬಾಗಿಲಲ್ಲೇ ನಿಂತು, "ನಮಗೇನಿಲ್ಲಮ್ಮ, ನಮ್ಮ ನೆಂಟರು ಏನಂತಾರೋ. ಯೋಚನೆ ಮಾಡಿ ಹೇಳ್ತೀವಿ" ಅಂದರು.

"ಬೇಡ ಅಂಕಲ್, ಈಗಲೇ ಹೇಳಿ. ಅಮ್ಮಂಗೆ ನಾಲ್ಕು ಗಂಟೆ ಬಸ್ಸು."

ಅಂಕಲ್ ಕೈಲಿದ್ದ ಎಲೆಗಳನ್ನು ಇನ್ನೊಮ್ಮೆ ಮಡಿಸಿ, "ಆಗಲ್ಲಮ್ಮ" ಅಂದರು.

ನೋವಾಯಿತು. ಬೇರೆಯವರಿಗಿಂತ ಇವರ ಬಾಯಿಂದ ಕೇಳಿ ಹೆಚ್ಚು ನೋವಾಯಿತು, ಕಣ್ಣು ತುಂಬಿ ಬಂತು. ಆದರೆ ಅಣ್ಣನ ಮಗನ ಕಥೆ ಇಲ್ಲದ ಮೊದಲ 'ಇಲ್ಲ' ಇದು. ವರಲಕ್ಷ್ಮಮ್ಮ ಒಳಗೆ ಹೋಗಿ ಕಾಫಿ ತಂದರು. ಸ್ಟೀಲ್ ಲೋಟದಲ್ಲಿ. ಕುಡಿದೆವು.

ಹೊರಡುವಾಗ ಅಮ್ಮ ಅವರೆಕಾಯಿ ಚೀಲ ಎತ್ತಿಕೊಂಡು, ಮೊರ ಕೇಳಿ ಪಡೆದು, ಅರ್ಧ ಸುರಿದಳು. "ಇದು ಊಟಕ್ಕೆ ತಾಯಿ. ಮಿಕ್ಕಿದ್ದು ಮನೆಗೆ ಅಂತ ತಂದಿದ್ದು, ಮನೆ ಕೊಟ್ಟೋರಿಗೆ ಕೊಡ್ತೀನಿ." ಇಷ್ಟು ಹೇಳಿ ಚೀಲದ ಬಾಯಿ ಕಟ್ಟಿದಳು. ನಾನು ಗೇಟು ದಾಟುವವರೆಗೂ ಉಸಿರು ಬಿಗಿಹಿಡಿದಿದ್ದೆ. ಆಮೇಲೆ ರಸ್ತೆಯಲ್ಲಿ ಇಬ್ಬರೂ ಬಿದ್ದು ಬಿದ್ದು ನಕ್ಕೆವು. ನಗುತ್ತಾ ನಾನು ಸ್ವಲ್ಪ ಅತ್ತೆ. ಅಮ್ಮನಿಗೆ ಕಾಣಲಿಲ್ಲ, ಅಥವಾ ಕಾಣಲಿಲ್ಲ ಅಂದುಕೊಂಡೆ.

ಬಸ್ ಸ್ಟ್ಯಾಂಡಿನ ದಾರಿಯಲ್ಲೇ ಶಾಜಿಯಾ ಮನೆ. ಅವಳು ಗೇಟಿನ ಹತ್ತಿರ ನಿಂತಿದ್ದಳು. ಇವತ್ತು ಒಂದು ಸಲ ಬಾಯಿ ಬಿಟ್ಟದ್ದಾಗಿತ್ತು, ಹಾಗೇ ಮುಂದುವರಿಯಿತು.

"ಶಾಜಿಯಾ, ನಿಮ್ಮ ಮಹಡಿ ಬಾಡಿಗೆಗೆ ಕೊಡ್ತೀರಾ? ಆಗಲ್ಲ ಅಂದ್ರೆ ಆಗಲ್ಲ ಅನ್ನು. ನಾಳೆಯೂ ನಿನ್ನ ಡಬ್ಬಿಗೆ ಕೈ ಹಾಕ್ತೀನಿ."

ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ತಿಂಗಳಿಂದ ಹೇಳಣ ಹೇಳಣ ಅಂತಿದೀನಿ ಕಣೇ! ನಿಮ್ಮಮ್ಮ ನಮ್ಮ ಮನೇಲಿ ಇರಕ್ಕೆ ಒಪ್ತಾರೋ ಇಲ್ವೋ, ನಾನು ಕೇಳಿದ್ರೆ ನಿನಗೆ ಬೇಡ ಅನ್ನಕ್ಕೆ ಮುಲಾಜಾಗುತ್ತೆ ಅಂತ... ಸುಣ್ಣ ಯಾರಿಗೆ ಹೊಡೆಸಿದ್ದು ಅಂದ್ಕೊಂಡೆ, ಮೆಣಸಿನಕಾಯಿಗಾ?"

"ನಿಮ್ಮಿಬ್ರಿಗೂ ಆಪರೇಷನ್ ಮಾಡಿಸ್ಬೇಕು ಕಣ್ಣಿಗೆ" ಅಂದಳು ಅಮ್ಮ.

ಶಾಜಿಯಾಳ ಅಮ್ಮ ಶಮ್ಸುನ್ನೀಸಾ ಆಂಟಿ ಹೊರಗೆ ಬಂದರು. ಮುಲಾಜು ಅನ್ನುವ ಪದ ಅವರ ಮನೆಯಲ್ಲಿ ಮಗಳ ಪಾಲಿಗೆ ಮಾತ್ರ ಬಂದಿದೆ. "ಬಾಡಿಗೆ ಐದನೇ ತಾರೀಕು. ಮೋಟರ್ ಬೆಳಿಗ್ಗೆ ಒಂದ್ಸಲ. ಟೆರೇಸ್ ಮೇಲೆ ಮಿರ್ಚಿ ಇರ್ತದೆ, ತುಳೀಬಾರ್ದು. ನಮ್ಮನೇಲಿ ಇರಕ್ಕೆ ನಿಮಗೇನಾದ್ರೂ ಕಷ್ಟನಾ?"

"ನನಗೇನಮ್ಮ ಕಷ್ಟ? ನಿಮಗೆ?" ಅಮ್ಮ ಕೇಳಿದಳು.

"ನಮಗೇನು! ಕೂತ್ಕೊಳ್ಳಿ, ಚಾಯ್ ಕುಡೀರಿ."

ಅಮ್ಮ ಅವರೆಕಾಯಿ ಚೀಲ ಅವರ ಕೈಗೆ ಕೊಟ್ಟಳು. ನಾಲ್ಕು ಗಂಟೆಯ ಬಸ್ಸು ತಪ್ಪಿತು.

ನವೆಂಬರ್ 28, ಶುಕ್ರವಾರ

ಭಾಷಣ ಆಯಿತು. ಎಲ್ಲ ಪದಗಳನ್ನೂ ಸಾಲಾಗಿ ನಿಲ್ಲಿಸಿದೆ. ಮುಜುಗರದ ಮೂಲ ನನಗೆ ಸಿಗಲಿಲ್ಲ, ಸಿಕ್ಕವರು ತಿಳಿಸಿ ಅಂದೆ. ಸ್ವಂತ ಅನುಭವಕ್ಕೆ ಮಾತ್ರ ಪರದಾಡಿದೆ. ರಾತ್ರಿಯೆಲ್ಲ ಯೋಚಿಸಿದರೂ ಈ ವಾರದ್ದು ಒಂದೂ ನೆನಪಿಗೆ ಬರಲಿಲ್ಲ. ಕೊನೆಗೆ ಮನೆ ಹುಡುಕಿದ ಕಥೆಯನ್ನೇ ಹೆಸರು ಬಿಟ್ಟು ಹೇಳಿದೆ. ಟೊಮೆಟೊ ಕ್ರೇಟಿಗೆ ಎಲ್ಲರೂ ನಕ್ಕರು. ಮೋಹನ್‌ಬಾಬು ಸರ್ ಹಾರ ಹಾಕುತ್ತಾ ಮೆಲ್ಲಗೆ, "ಅಂದ್ರೆ ತನುಜಾ ಮೇಡಂ, ನೀವು..." ಅಂತ ಶುರು ಮಾಡಿ ನಾಲಿಗೆ ಕಚ್ಚಿಕೊಂಡರು. "ಕೇಳಿ ಸರ್" ಅಂದೆ, ಮೈಕಿನಲ್ಲಿ. ಆಗ ಇನ್ನೂ ಜೋರು ನಗು. ಶಾಜಿಯಾಳ ಬೆಣ್ಣೆಗೆ ಅಷ್ಟು ಚಪ್ಪಾಳೆ ಬೀಳಲಿಲ್ಲ.

ಡಿಸೆಂಬರ್ 7, ಭಾನುವಾರ

ಹೊಸ ಮನೆಯಿಂದ. ಅಮ್ಮನ ಆಪರೇಷನ್ ಚೆನ್ನಾಗಿ ಆಯಿತು. ಕಪ್ಪು ಕನ್ನಡಕ ಹಾಕಿಕೊಂಡು ಟೆರೇಸಿನಲ್ಲಿ ಶಮ್ಸುನ್ನೀಸಾ ಆಂಟಿಯ ಮೆಣಸಿನಕಾಯಿ ಕಾಯುತ್ತಾ ಕೂರುತ್ತಾಳೆ.

ಮಧ್ಯಾಹ್ನ ವರಲಕ್ಷ್ಮಮ್ಮ ಫೋನ್ ಮಾಡಿದ್ದರು. ಮನೆ ಇನ್ನೂ ಖಾಲಿ ಇದೆಯಂತೆ, ಗಂಡನ ಜೊತೆ ಜಗಳವಾಡಿ ಒಪ್ಪಿಸಿದ್ದಾರಂತೆ. "ಬಂದ್ಬಿಡಮ್ಮಾ. ನಿಮ್ಮಮ್ಮ ಹೋದ್ಮೇಲೆ ಆ ಅವರೆಕಾಯಿ ಸಾರು ನನಗೆ ಗಂಟಲಲ್ಲಿ ಇಳೀಲಿಲ್ಲ."

"ಬೇಡ ಆಂಟಿ, ನಮಗೆ ಮನೆ ಸಿಕ್ತು. ನೀವೊಂದ್ಸಲ ಕಾಫಿಗೆ ಬನ್ನಿ."

"ಬರೋ ಭಾನುವಾರ ಬರ್ತೀನಿ. ಹನ್ನೊಂದಕ್ಕೆ" ಅಂದರು. ಗಂಟೆ ಹೇಳಿದ್ದಾರೆ ಅಂದಮೇಲೆ ಬಂದೇ ಬರುತ್ತಾರೆ. ಫೋನಿಟ್ಟು ಅಮ್ಮನಿಗೆ ಡ್ರಾಪ್ಸ್ ಹಾಕಿದೆ.

ಸಂಜೆ ಅಡುಗೆಮನೆ ನೋಡಿದರೆ ಸ್ಟೀಲ್ ಲೋಟ ಒಂದೂ ಇಲ್ಲ. ಪಾಯಸ, ಸಾರು, ಹುಳಿ ಅಂತ ಅಮ್ಮ ತುಂಬಿಸಿ ಕೆಳಗೆ ಕಳಿಸಿದ ಲೋಟಗಳೆಲ್ಲವೂ ಶ‌ಮ್ಸುನ್ನೀಸಾ ಆಂಟಿಯ ಅಡುಗೆಮನೆಯಲ್ಲೇ ಉಳಿದಿವೆ. ನಾನು ಬ್ಯಾಗಿನಲ್ಲಿ ಹೊತ್ತು ತಿರುಗಿದ್ದ ಆ ಲೋಟವೂ. ವಾಪಸ್ ಕೇಳೋಣ ಅಂತ ಇಳಿದು ಹೋಗಿ ಬಾಗಿಲ ಹತ್ತಿರ ನಿಂತೆ. ಆಂಟಿ ಅದೇ ಲೋಟದಲ್ಲಿ ಚಾಯ್ ಕುಡಿಯುತ್ತಾ, "ಏನಮ್ಮ?" ಅಂದರು.

"ಏನಿಲ್ಲ ಆಂಟಿ" ಅಂದೆ. "ಮೆಣಸಿನಕಾಯಿ ಚೆನ್ನಾಗಿ ಒಣಗಿದೆ ಅಂತ ಹೇಳಕ್ಕೆ ಬಂದೆ."

ಛೆ. ಭಾಷಣಕ್ಕೆ ಬೇಕಿದ್ದ ಉದಾಹರಣೆ ಈಗ ಸಿಕ್ಕಿತು.